ಮೂತ್ರಪಿಂಡದ ಲೂಪಸ್: ನರಗಳ ಹಾನಿಯನ್ನು ರಕ್ತ ಹೇಳಬಲ್ಲುದೇ?

ಮಣಿಕೊಂಡದ ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತು ನಿತ್ಯವೂ ಬರುತ್ತದೆ. ಲೂಪಸ್ ಎಂದರೆ ಮಾತ್ರ ಎಲ್ಲರೂ ಮೌನ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಯಿದು. ಇದಕ್ಕೆ ತುತ್ತಾಗುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಇದು ಮೂತ್ರಪಿಂಡವನ್ನು ಹಿಡಿದಾಗ ಲೂಪಸ್ ನೆಫ್ರೈಟಿಸ್ ಎನ್ನುತ್ತಾರೆ.

ಮಿದುಳನ್ನೂ ನರಗಳನ್ನೂ ಲೂಪಸ್ ಬಿಡದು. 1999ರಲ್ಲಿ ಅಮೆರಿಕದ ರುಮಟಾಲಜಿ ತಜ್ಞರ ಸಂಸ್ಥೆಯು ಇಂತಹ 19 ಬಗೆಯ ತೊಂದರೆಗಳನ್ನು ಗುರುತಿಸಿತು. ತಲೆನೋವು, ಮರೆವು, ಫಿಟ್ಸ್, ನರದೌರ್ಬಲ್ಯ ಎಲ್ಲವೂ ಅದರಲ್ಲಿವೆ. ತೊಡಕಿರುವುದು ಇಲ್ಲಿಯೇ. ಕಾಲು ಜೋಮು ಹಿಡಿದರೆ ಅದು ಲೂಪಸ್‌ನಿಂದಲೋ, ಮೂತ್ರಪಿಂಡ ಸೋತು ರಕ್ತದಲ್ಲಿ ಉಳಿದ ಕಲ್ಮಶದಿಂದಲೋ, ಬಿ-12 ಜೀವಸತ್ವದ ಕೊರತೆಯಿಂದಲೋ? (ಸಸ್ಯಾಹಾರಿಗಳಾದ ನಾವು ಕೊನೆಯದನ್ನು ಮರೆಯಬಾರದು.) ಕಾರಣ ಬೇರೆಯಾದರೆ ಮದ್ದೂ ಬೇರೆ. ತಪ್ಪಾಗಿ ಊಹಿಸಿದರೆ ಸ್ಟಿರಾಯ್ಡ್ ವೃಥಾ ಏರುತ್ತದೆ.

ಆದ್ದರಿಂದಲೇ ನ್ಯೂರೋಫಿಲಮೆಂಟ್ ಲೈಟ್ ಚೈನ್ ಎಂಬ ಪ್ರೋಟೀನಿನ ಮೇಲೆ ಸಂಶೋಧಕರಿಗೆ ಆಸೆ. ನರತಂತುವಿಗೆ ಒಳಗಿನಿಂದ ಆಧಾರವಾಗಿರುವ ಇದು, ತಂತು ಹಾನಿಗೊಂಡಾಗ ಹೊರಗೆ ಸೋರಿ ಅಲ್ಪಸ್ವಲ್ಪ ರಕ್ತವನ್ನೂ ಸೇರುತ್ತದೆ. ಅಳತೆ ಪಿಕೋಗ್ರಾಂಗಳಲ್ಲಿ, ಒಂದು ಪಿಕೋಗ್ರಾಂ ಎಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಭಾಗ! ಬೆನ್ನಿಗೆ ಸೂಜಿ ಚುಚ್ಚಿ ದ್ರವ ತೆಗೆಯದೆ, ತೋಳಿನ ರಕ್ತದಿಂದಲೇ ಸುಳಿವು ಸಿಗುವುದು ಸಣ್ಣ ಮಾತಲ್ಲ.

ಆದರೆ ಬ್ಯಾಂಕಿನಲ್ಲಿ ದುಡಿಯುವ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಖಾತೆಯ ಶಿಲ್ಕು ಏರುವುದು ಜಮೆ ಹೆಚ್ಚಿದಾಗ ಮಾತ್ರವಲ್ಲ, ಹಣ ತೆಗೆಯುವುದು ಕಡಿಮೆಯಾದಾಗಲೂ ಹೌದು. ಮೂತ್ರಪಿಂಡ ದುರ್ಬಲವಾದರೆ, ನರಗಳಿಗೆ ಹೊಸ ಹಾನಿಯಾಗದಿದ್ದರೂ ಈ ಪ್ರೋಟೀನಿನ ಮಟ್ಟ ರಕ್ತದಲ್ಲಿ ಏರಬಹುದು. ವಯಸ್ಸಾದಂತೆಯೂ ಏರುತ್ತದೆ. ಹಾಗಾಗಿ ಲೂಪಸ್ ನೆಫ್ರೈಟಿಸ್ ಇರುವವರಲ್ಲಿ ಈ ಒಂದು ಅಂಕಿಯನ್ನಷ್ಟೇ ನೋಡಿ ನರ ಕೆಟ್ಟಿತೆನ್ನುವುದು ಸಲ್ಲದು. ಕ್ರಿಯಾಟಿನಿನ್, ವಯಸ್ಸು, ಹಿಂದಿನ ಅಳತೆಗಳೊಡನೆ ಇಟ್ಟು ಓದಬೇಕು. ಕಾಯಿಲೆ ಕೆರಳಿರುವುದನ್ನು ತಿಳಿಯಲು ನೋಡುವ ಸಿ-3, ಸಿ-4 ಪರೀಕ್ಷೆಗಳೂ ನರದ ವಿಷಯವನ್ನು ತಾವಾಗಿ ಹೇಳಲಾರವು. ಎಂಆರ್‌ಐ, ನರವಾಹಕತೆಯ ಪರೀಕ್ಷೆಗಳ ಜಾಗ ಇನ್ನೂ ತೆರವಾಗಿಲ್ಲ.

ನಮ್ಮೂರಿನ ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ ರುಮಟಾಲಜಿ, ಮೂತ್ರಪಿಂಡ, ನರರೋಗ ವಿಭಾಗಗಳು ಮೂರೂ ಇವೆ. ಎಲ್ಲಿಗೆ ಹೋದರೂ ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಯ್ಯುವುದು, ಜೋಮು ಎಂದು ಶುರುವಾಯಿತೆಂದು ಬರೆದಿಟ್ಟುಕೊಳ್ಳುವುದು ಉಪಯುಕ್ತ. ಫಿಟ್ಸ್, ದಿಢೀರ್ ಗೊಂದಲ, ಒಂದು ಪಾರ್ಶ್ವದ ನಿಶ್ಶಕ್ತಿ ಕಂಡರೆ ಯಾವ ವರದಿಗೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.