ರಾತ್ರಿ ಪಯಣ: ಬೆಳಕನ್ನು ಮೀರುವ ವೇಗ

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಮಿನಿ ಬಸ್ಸೊಂದು ಅಪ್ಪಳಿಸಿ 13 ಮಂದಿ ಅಸುನೀಗಿದರು. ನಿಂತ ವಾಹನ ಇರುಳಿನಲ್ಲಿ ಇಷ್ಟು ಅಪಾಯಕಾರಿಯಾಗುವುದೇಕೆ ಎಂಬುದಕ್ಕೆ ಸರಳ ಲೆಕ್ಕವಿದೆ.

ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಅಡ್ಡಿಯನ್ನು ಗುರುತಿಸಿ ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿಯೂ ಪೂರ್ತಿ ನಿಲ್ಲಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಒಟ್ಟು ಸುಮಾರು 70 ಮೀಟರ್. ಆದರೆ ಡಿಮ್ ದೀಪದಲ್ಲಿ ಧೂಳು ಹಿಡಿದ ಲಾರಿಯ ಹಿಂಬದಿ ಸ್ಪಷ್ಟವಾಗುವುದು 40-50 ಮೀಟರ್ ಅಂತರದಲ್ಲಿ. ಹಾಗಾಗಿ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಮಳೆಯಿದ್ದರಂತೂ ಲೆಕ್ಕ ಇನ್ನೂ ಕೆಡುತ್ತದೆ. ಎದುರಿನ ವಾಹನದ ಹೈಬೀಮ್ ಕಣ್ಣು ಕುಕ್ಕಿದಾಗ ದೃಷ್ಟಿಯನ್ನು ರಸ್ತೆಯ ಎಡ ಅಂಚಿನ ಗೆರೆಗೆ ಹೊರಳಿಸಿ ವೇಗ ತಗ್ಗಿಸಬೇಕು.

ಬೆಳಗಿನ ಜಾವದ ತೂಕಡಿಕೆಗೆ ಹಾಡು, ಗಾಳಿ ಮದ್ದಲ್ಲ. ಪೆಟ್ರೋಲ್ ಬಂಕ್‌ನಲ್ಲಿ ವಾಹನ ನಿಲ್ಲಿಸಿ 20 ನಿಮಿಷ ಮಲಗುವುದು ಮೇಲು.

ಕೆಟ್ಟುನಿಂತ ಲಾರಿಯ ಹಿಂದೆ ಕಲ್ಲು, ಸೊಪ್ಪು ಇಡುವುದು ನಮ್ಮಲ್ಲಿ ರೂಢಿ. ಲಾರಿ ಹೋದರೂ ಕಲ್ಲು ಅಲ್ಲಿಯೇ ಉಳಿಯುತ್ತದೆ! ಅದರ ಬದಲು ಪ್ರತಿಫಲಿಸುವ ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆಯೇ ಇರಿಸಿದರೆ ಬರುವವರಿಗೆ ಆ 70 ಮೀಟರ್ ದೊರೆಯುತ್ತದೆ.