ದಿನಕ್ಕೆ ಎಷ್ಟು ನೀರು ಕುಡೀಬೇಕು? ‘ಎಂಟು ಲೋಟ’ದ ಹಿಂದಿನ ಲೆಕ್ಕ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಕ್ಯಾಬ್‌ನಲ್ಲಿ ಕೂತು ಓದೋದೇ ಸುಲಭ ಅನ್ನೋರಿಗಾಗಿ ಈ ವಾರದ ಮಾತನ್ನು ಇಲ್ಲಿ ಬರಹದಲ್ಲಿ ಹಾಕಿದ್ದೇನೆ. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿದ್ದೇನೆ, ಅಷ್ಟೇ.

ಏಪ್ರಿಲ್ ಬಂತು ಅಂದ್ರೆ ಪುಣೆಯಲ್ಲಿರೋ ನಮ್ಮವರ ಗ್ರೂಪುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಒಬ್ಬರು ಎಂಟು ಲೋಟ ಅಂತಾರೆ, ಇನ್ನೊಬ್ಬರು ನಾಲ್ಕು ಲೀಟರ್ ಅಂತಾರೆ. ಜಿಮ್ ಟ್ರೈನರ್ ಐದು ಅಂತಾನೆ. ಊರಿಂದ ಅಮ್ಮ ಫೋನ್ ಮಾಡಿ, “ಊಟದ ಮಧ್ಯೆ ನೀರು ಕುಡೀಬೇಡ” ಅಂತಾರೆ. ಮೊಬೈಲ್‌ನಲ್ಲಿರೋ ಆ್ಯಪ್ ಗಂಟೆಗೊಮ್ಮೆ ಟಿಣ್ ಅನ್ನುತ್ತೆ. ಯಾರ ಮಾತು ಕೇಳೋದು?

ಉತ್ತರ ಮೊದಲೇ ಹೇಳಿಬಿಡ್ತೀನಿ. ಎಲ್ಲರಿಗೂ ಹೊಂದೋ ಒಂದು ನಂಬರ್ ಇಲ್ಲ. ಆದರೆ ನಿಮ್ಮ ನಂಬರ್ ಕಂಡುಕೊಳ್ಳೋ ದಾರಿ ಇದೆ. ಆ ದಾರಿ ಯಾಕೆ ಕೆಲಸ ಮಾಡುತ್ತೆ ಅಂತ ಗೊತ್ತಾದರೆ ಆ್ಯಪ್ ಬೇಕಾಗಲ್ಲ.

ಎಂಟು ಲೋಟ ಎಲ್ಲಿಂದ ಬಂತು?

1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ಒಂದು ಶಿಫಾರಸು ಮಾಡಿತು: ತಿನ್ನೋ ಪ್ರತಿ ಕ್ಯಾಲೊರಿಗೆ ಒಂದು ಮಿಲಿಲೀಟರ್ ನೀರು, ಅಂದರೆ ದೊಡ್ಡವರಿಗೆ ದಿನಕ್ಕೆ ಸುಮಾರು 2.5 ಲೀಟರ್. ಅದರ ಬೆನ್ನಿಗೇ ಇನ್ನೊಂದು ಮಾತೂ ಇತ್ತು. ಈ ನೀರಿನ ಹೆಚ್ಚಿನ ಪಾಲು ನಾವು ತಿನ್ನೋ ಆಹಾರದಲ್ಲೇ ಇರುತ್ತದೆ ಅಂತ. ಎಂಟು ಲೋಟದ ಮೂಲ ಇದೇ ಇರಬಹುದು ಅಂತ ಹಲವರು ಹೇಳ್ತಾರೆ. ಮೊದಲನೇ ಮಾತು ಊರೂರು ಸುತ್ತಿತು, ಎರಡನೆಯದನ್ನು ಯಾರೂ ಓದಲಿಲ್ಲ.

2002ರಲ್ಲಿ ಡಾರ್ಟ್‌ಮತ್ ವೈದ್ಯಕೀಯ ಕಾಲೇಜಿನ ಹೈನ್ಸ್ ವಾಲ್ಟಿನ್ ಅನ್ನೋ ಮೂತ್ರಪಿಂಡ ತಜ್ಞರು ಎಂಟು ಲೋಟಕ್ಕೆ ಪುರಾವೆ ಹುಡುಕಿದರು. ಆರೋಗ್ಯವಾಗಿರೋ, ಹದವಾದ ಹವೆಯಲ್ಲಿ ಹೆಚ್ಚಾಗಿ ಕೂತೇ ಇರೋ ಜನರಿಗೆ ಅಷ್ಟು ನೀರು ಬೇಕೇ ಬೇಕು ಅನ್ನೋದಕ್ಕೆ ವೈಜ್ಞಾನಿಕ ಆಧಾರ ಸಿಗಲಿಲ್ಲ ಅಂತ ಬರೆದರು. ‘ಹದವಾದ ಹವೆ’ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ಪುಣೆಯ ಏಪ್ರಿಲ್ ಹದವಾದ ಹವೆ ಅಲ್ಲ.

ಆಮೇಲೆ ಬಂದ ಅಂಕಿಗಳು ಹೀಗಿವೆ. 2004ರಲ್ಲಿ ಅಮೆರಿಕದ ತಜ್ಞರ ಸಮಿತಿ ಗಂಡಸರಿಗೆ 3.7 ಲೀಟರ್, ಹೆಂಗಸರಿಗೆ 2.7 ಲೀಟರ್ ಅಂದಿತು. 2010ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2.5 ಮತ್ತು 2 ಲೀಟರ್ ಅಂದಿತು. ಇವೆರಡೂ ಬರೀ ಕುಡಿಯೋ ನೀರಿನ ಲೆಕ್ಕ ಅಲ್ಲ. ಊಟ, ಹಣ್ಣು, ಚಹಾ, ಮಜ್ಜಿಗೆ ಎಲ್ಲ ಸೇರಿದ ಒಟ್ಟು ನೀರು. ಹೈದರಾಬಾದಿನ ನಮ್ಮ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಮಾರ್ಗಸೂಚಿ ಸುಮಾರು ಎಂಟು ಲೋಟ, ಅಂದರೆ 2 ಲೀಟರ್ ಕುಡಿಯೋಕೆ ಹೇಳುತ್ತೆ. ಸೆಕೆಗಾಲದಲ್ಲಿ, ಮೈಮುರಿದು ದುಡಿಯೋವಾಗ ಹೆಚ್ಚು ಬೇಕು ಅಂತಲೂ ಸೇರಿಸುತ್ತೆ. ಅಂದ್ರೆ ಎಂಟು ಲೋಟ ಒಂದು ಅಂದಾಜು. ಎಲ್ಲರೂ ಮುಟ್ಟಲೇಬೇಕಾದ ಟಾರ್ಗೆಟ್ ಅಲ್ಲ.

ದೇಹದ ಜಮಾ-ಖರ್ಚು

ಖರ್ಚು ಮೊದಲು ನೋಡೋಣ. ಉಸಿರು ಮತ್ತು ಚರ್ಮದ ಮೂಲಕ ನಮಗೆ ಗೊತ್ತಾಗದ ಹಾಗೆ ದಿನಕ್ಕೆ ಸುಮಾರು 800 ಮಿಲಿಲೀಟರ್ ಹೋಗುತ್ತೆ. ಮಲದಲ್ಲಿ ನೂರು-ಇನ್ನೂರು. ಮೂತ್ರದಲ್ಲಿ ಸಾಮಾನ್ಯವಾಗಿ ಒಂದೂವರೆ ಲೀಟರ್. ಬೆವರು ಬೇರೆ.

ಇದರಲ್ಲಿ ಹೊಂದಾಣಿಕೆ ಮಾಡೋದು ಮೂತ್ರಪಿಂಡ. ನೀರು ಕಡಿಮೆ ಬಂದರೆ ಮೂತ್ರವನ್ನು ಗಟ್ಟಿ ಮಾಡುತ್ತೆ, ಜಾಸ್ತಿ ಬಂದರೆ ತೆಳು ಮಾಡುತ್ತೆ. ಆದರೂ ದಿನದ ಕಸ ಹೊರಹಾಕೋಕೆ ಕನಿಷ್ಠ ಅರ್ಧ ಲೀಟರ್ ಮೂತ್ರ ಬೇಕೇ ಬೇಕು. ಅದಕ್ಕಿಂತ ಗಟ್ಟಿ ಮಾಡೋ ಶಕ್ತಿ ಅದಕ್ಕಿಲ್ಲ.

ಇನ್ನು ಜಮಾ. ಅನ್ನದಲ್ಲಿ ಸುಮಾರು 70 ಭಾಗ ನೀರೇ. ಸೌತೆಕಾಯಿಯಲ್ಲಿ 95, ಕಲ್ಲಂಗಡಿಯಲ್ಲಿ 90ಕ್ಕೂ ಹೆಚ್ಚು. ಒಂದು ತಟ್ಟೆ ಅನ್ನ, ಸಾರು, ಒಂದು ಲೋಟ ಮಜ್ಜಿಗೆ (ಇಲ್ಲಿಯವರ ತಾಕ್) ಅಂದ್ರೆ ಆ ಒಂದು ಊಟದಲ್ಲೇ ಅರ್ಧ ಲೀಟರ್ ನೀರು ಒಳಗೆ ಹೋಯ್ತು. ಅದೇ ಪಕ್ಕದ ಡೆಸ್ಕಿನವರು ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರೆ, ಅಥವಾ ಟಪರಿಯಲ್ಲಿ ಒಂದು ವಡಾಪಾವ್ ತಿಂದು ಬಂದಿದ್ದರೆ, ಅವರಿಗೆ ಆ ಅರ್ಧ ಲೀಟರ್ ಬಾಟಲಿಯಿಂದಲೇ ಬರಬೇಕು. ಒಂದೇ ಫ್ಲೋರ್, ಒಂದೇ ಎಸಿ, ಆದರೂ ಇಬ್ಬರ ನಂಬರ್ ಬೇರೆ.

ಚಹಾ, ಕಾಫಿ ಕೂಡ ಜಮಾ ಕಡೆಗೇ ಬರುತ್ತೆ. ‘ಕಾಫಿ ಕುಡಿದರೆ ಇದ್ದ ನೀರೂ ಹೋಗುತ್ತೆ’ ಅನ್ನೋ ಮಾತನ್ನು 2014ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಪರೀಕ್ಷಿಸಿತು. ಕಾಫಿ ಅಭ್ಯಾಸ ಇರೋ 50 ಗಂಡಸರು ಕೆಲವು ದಿನ ನಾಲ್ಕು ಕಪ್ ಕಾಫಿ, ಕೆಲವು ದಿನ ಅಷ್ಟೇ ನೀರು ಕುಡಿದರು. ದೇಹದ ನೀರಿನ ಮಟ್ಟದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಅಮೃತತುಲ್ಯದಲ್ಲಿ ದಿನಕ್ಕೆ ಎಂಟು ಕಟಿಂಗ್ ಹೊಡೀರಿ ಅಂತ ಅಲ್ಲ. ಅಲ್ಲಿ ಯೋಚನೆ ಮಾಡಬೇಕಾದ್ದು ಸಕ್ಕರೆ. ಅಮ್ಮಂದಿರ ಮಾತಿಗೂ ಇಲ್ಲೇ ಉತ್ತರ: ಊಟದ ಜೊತೆ ನೀರು ಕುಡಿದರೆ ಜೀರ್ಣಶಕ್ತಿ ಕೆಡುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಹೊಟ್ಟೆ ಭಾರ ಅನ್ನಿಸಿದರೆ ಕಡಿಮೆ ಕುಡೀರಿ, ಅಷ್ಟೇ.

ಬಾಯಾರಿಕೆ ನಂಬಬಹುದಾ?

ಬಹುಪಾಲು ನಂಬಬಹುದು. ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದರೂ ಮೆದುಳು ಗುರುತು ಹಿಡಿದು ಬಾಯಾರಿಸುತ್ತೆ. ಅದಕ್ಕೂ ಮೊದಲೇ ಮೂತ್ರಪಿಂಡಕ್ಕೆ ‘ನೀರು ಉಳಿಸು’ ಅನ್ನೋ ಸಂದೇಶ ಹೋಗಿರುತ್ತೆ. ಹಾಗಾಗಿ ‘ಬಾಯಾರಿದಾಗ ಆಗಲೇ ತಡವಾಗಿದೆ’ ಅನ್ನೋ ಜಾಹೀರಾತಿನ ಮಾತು ಆರೋಗ್ಯವಂತರ ಮಟ್ಟಿಗೆ ಸರಿಯಲ್ಲ.

ನಮ್ಮಂಥವರ ತೊಂದರೆ ಬೇರೆ. ಅಲರ್ಟ್ ಬರುತ್ತೆ, ನಾವು ಸ್ನೂಜ್ ಮಾಡ್ತೀವಿ. ಒಂದು ಕಾಲ್ ಮುಗಿಯೋಷ್ಟರಲ್ಲಿ ಇನ್ನೊಂದು, ಮಧ್ಯೆ ಒಂದು ಬಿಲ್ಡ್ ಫೇಲ್, ನೋಡಿದರೆ ನಾಲ್ಕು ಗಂಟೆ. ತಣ್ಣಗಿನ ಎಸಿಯಲ್ಲಿ ಬಾಯಾರಿಕೆ ಅಷ್ಟು ಜೋರಾಗಿ ಕಾಡುವುದೂ ಇಲ್ಲ.

ಪುಣೆಯ ಹವೆಯದ್ದೂ ಒಂದು ಮೋಸ ಇದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಆಚೆ ಮಗ್ಗುಲಲ್ಲಿದೆ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿ 40 ಡಿಗ್ರಿ ಹತ್ತಿರ ಹೋಗುತ್ತೆ, ಗಾಳಿ ಒಣ. ಮಂಗಳೂರು, ಉಡುಪಿ ಕಡೆಯವರಿಗೆ ಸೆಕೆ ಅಂದ್ರೆ ಅಂಗಿ ಬೆನ್ನಿಗೆ ಅಂಟೋದು. ಇಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತೆ. ಅಂಗಿ ಒಣಗಿಯೇ ಇರುತ್ತೆ, ‘ನಾನೇನೂ ಬೆವರಿಲ್ಲ’ ಅನ್ನಿಸುತ್ತೆ. ವಾಕಡ್‌ನಿಂದ ಹಿಂಜವಡಿಗೆ ಬೈಕಿನಲ್ಲಿ ಟ್ರಾಫಿಕ್ಕಿನಲ್ಲಿ ನಿಂತು ಬಂದವರಿಂದ ಎಷ್ಟು ನೀರು ಹೋಗಿದೆ ಅಂತ ಅವರಿಗೇ ತಿಳಿಯಲ್ಲ. ವಿಜಯಪುರ, ಕಲಬುರಗಿಯವರಿಗೆ ಈ ಒಣಬಿಸಿಲು ಹೊಸತಲ್ಲ.

ಕಡಿಮೆ ಕುಡಿದರೆ ಏನಾಗುತ್ತೆ?

ನೋವು ಕೊಡೋ ಉದಾಹರಣೆ ಕಿಡ್ನಿ ಕಲ್ಲು. ಮೂತ್ರ ಗಟ್ಟಿಯಾದಷ್ಟೂ ಅದರಲ್ಲಿರೋ ಕ್ಯಾಲ್ಸಿಯಂ, ಆಕ್ಸಲೇಟ್ ಹರಳುಗಟ್ಟೋ ಸಾಧ್ಯತೆ ಹೆಚ್ಚು. 1996ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗ ಒಂದರಲ್ಲಿ, ಮೊದಲ ಸಲ ಕಲ್ಲಾದವರನ್ನು ಎರಡು ಗುಂಪು ಮಾಡಿ ಐದು ವರ್ಷ ನೋಡಿದರು. ದಿನಕ್ಕೆ 2 ಲೀಟರ್ ಮೂತ್ರ ಆಗೋಷ್ಟು ನೀರು ಕುಡಿದವರಲ್ಲಿ ಶೇಕಡಾ 12 ಜನಕ್ಕೆ ಮತ್ತೆ ಕಲ್ಲಾಯ್ತು. ಮೊದಲಿನ ಹಾಗೇ ಇದ್ದವರಲ್ಲಿ ಶೇಕಡಾ 27. ಇಲ್ಲಿ ಅಳತೆ ಕುಡಿದ ನೀರಲ್ಲ, ಹೊರಗೆ ಹೋದ ಮೂತ್ರ. ಕಲ್ಲಾದವರಿಗೆ ವೈದ್ಯರು ಈಗ ಹೇಳೋದು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಅಂತ. ಪುಣೆಯ ಬೇಸಿಗೆಯಲ್ಲಿ ಅಷ್ಟಾಗಬೇಕಾದರೆ ಮೂರು ಲೀಟರ್ ಅಥವಾ ಇನ್ನೂ ಹೆಚ್ಚು ಕುಡೀಬೇಕಾಗುತ್ತೆ. ಇವರಿಗೆ ಬಾಯಾರಿಕೆ ಸಾಲದು, ಲೆಕ್ಕ ಬೇಕು.

ಎರಡನೆಯದು ಮೂತ್ರನಾಳದ ಸೋಂಕು. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪದೇ ಪದೇ ಸೋಂಕಾಗ್ತಿದ್ದ, ಕಡಿಮೆ ನೀರು ಕುಡೀತಿದ್ದ 140 ಹೆಂಗಸರಲ್ಲಿ ಅರ್ಧ ಜನ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದರು. ಒಂದು ವರ್ಷದಲ್ಲಿ ಅವರಿಗೆ ಸೋಂಕು ಬಂದದ್ದು ಉಳಿದವರ ಸುಮಾರು ಅರ್ಧದಷ್ಟು ಸಲ ಮಾತ್ರ.

ಇದನ್ನು ಹೇಳಿದಾಗಲೆಲ್ಲ ನನಗೆ ಪುಣೆ-ಬೆಂಗಳೂರು ಸ್ಲೀಪರ್ ಬಸ್ ನೆನಪಾಗುತ್ತೆ. 800 ಕಿಲೋಮೀಟರಿಗೂ ಹೆಚ್ಚು ದಾರಿ, ಇಡೀ ರಾತ್ರಿ. ಊಟಕ್ಕೆ ಒಂದು ಕಡೆ ನಿಲ್ಲಿಸಿದರೆ ಮತ್ತೆ ಎಲ್ಲಿ ನಿಲ್ಲಿಸ್ತಾರೋ ಗೊತ್ತಿಲ್ಲ, ನಿಲ್ಲಿಸಿದ ಕಡೆ ಶೌಚಾಲಯ ಹೇಗಿರುತ್ತೋ ಅದೂ ಗೊತ್ತಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಮಧ್ಯಾಹ್ನದಿಂದಲೇ ನೀರು ನಿಲ್ಲಿಸಿ ಬಸ್ ಹತ್ತುತ್ತಾರೆ. ಅವರಿಗೆ ‘ನೀರು ಕುಡೀರಮ್ಮಾ’ ಅಂತ ಬುದ್ಧಿ ಹೇಳೋದು ಸುಲಭ, ಆದರೆ ತಪ್ಪು ಅವರದ್ದಲ್ಲ. ಬುಕ್ ಮಾಡೋ ಮೊದಲು ಎಷ್ಟು ಕಡೆ ನಿಲ್ಲಿಸ್ತೀರಿ ಅಂತ ಗಂಡಸರೂ ಕೇಳೋಣ, ನಿಲ್ಲಿಸಿ ಅಂತ ಡ್ರೈವರಿಗೆ ನಾವೂ ಹೇಳೋಣ. ಸದ್ಯಕ್ಕೆ ಆಗೋದು ಇಷ್ಟು: ಬಸ್ ಹತ್ತೋಕೆ ಎರಡು ಗಂಟೆ ಮೊದಲಿನವರೆಗೂ ಚೆನ್ನಾಗಿ ಕುಡಿದುಕೊಳ್ಳಿ, ಆಮೇಲೆ ಗುಟುಕು ಗುಟುಕಾಗಿ, ಇಳಿದ ಕೂಡಲೇ ಮತ್ತೆ ಕುಡೀರಿ. ಸಾಧ್ಯವಿದ್ದರೆ ರೈಲು ಹಿಡೀರಿ.

ಜಾಸ್ತಿ ಕುಡಿದರೆ?

ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು ನೀರು ಹೊರಹಾಕಬಲ್ಲದು. ಅದಕ್ಕಿಂತ ವೇಗವಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತೆ. 135ಕ್ಕಿಂತ ಕೆಳಗೆ ಹೋದರೆ ಅದು ಸೋಡಿಯಂ ಕೊರತೆ. ತಲೆನೋವು, ವಾಂತಿ, ಗೊಂದಲ, ತೀರಾ ಇಳಿದರೆ ಫಿಟ್ಸ್. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13 ಜನರಿಗೆ ಸೋಡಿಯಂ ಕಡಿಮೆ ಇತ್ತು. ಓಡುವಾಗ ತೂಕ ಇಳಿಯೋ ಬದಲು ಏರಿದವರಲ್ಲಿ, ಅಂದರೆ ಕಳೆದುಕೊಂಡದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ಹೆಚ್ಚು.

ಭಾನುವಾರ ಸಿಂಹಗಡ ಹತ್ತೋರಿಗೆ ಇದರ ಅರ್ಥ: ಬಾಯಾರಿದಷ್ಟು ಕುಡೀರಿ, ಮೇಲೆ ಹೋಗಿ ಉಪ್ಪು ಹಾಕಿದ ತಾಕ್ ಕುಡೀರಿ, ಏನಾದರೂ ತಿನ್ನಿ. ದಿನಕ್ಕೆ ಐದು ಲೀಟರ್ ಅನ್ನೋ ಚಾಲೆಂಜುಗಳ ಕಡೆ ಹೋಗಬೇಡಿ.

ಇನ್ನು ಊರಿಂದ ಬಂದಿರೋ ಅಪ್ಪ-ಅಮ್ಮಂದಿರ ವಿಷಯ. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತೆ. ‘ಬೇಕಾದ್ರೆ ಕೇಳ್ತಾರೆ ಬಿಡು’ ಅಂತ ಬಿಡಬೇಡಿ. ಹೊತ್ತು ಹೊತ್ತಿಗೆ ಒಂದು ಲೋಟ ಮಜ್ಜಿಗೆ, ನೀರು ಕೈಗೆ ಕೊಡಿ. ಆದರೆ ಹೃದಯದ ತೊಂದರೆ, ಕಿಡ್ನಿ ಕಾಯಿಲೆ ಇರೋರಿಗೆ ವೈದ್ಯರು ಹೇಳಿದ ಅಳತೆಯೇ ಅಳತೆ. ನನ್ನ ಲೆಕ್ಕವೂ ಬೇಡ, ಆ್ಯಪ್ ಲೆಕ್ಕವೂ ಬೇಡ.

ಎಷ್ಟು ಅನ್ನೋದರ ಜೊತೆ, ಎಂಥ ನೀರು?

ಪುಣೆಯಲ್ಲಿ ಈ ಪ್ರಶ್ನೆ ಬಿಟ್ಟು ಮಾತು ಮುಗಿಸೋಕಾಗಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ, ನಾಂದೇಡ್ ಗಾಂವ್, ಕಿರ್ಕಟವಾಡಿ, ಧಾಯರಿ ಸುತ್ತ ಗಿಯಾನ್-ಬಾರೆ ಅನ್ನೋ ನರಗಳ ಕಾಯಿಲೆ ಹರಡಿತು. ಕೈಕಾಲು ಸೋತು ಜನ ಆಸ್ಪತ್ರೆ ಸೇರಿದರು; ಶಂಕಿತ ಪ್ರಕರಣ 200 ದಾಟಿತು, ಸಾವುಗಳೂ ಆದವು. ಇಲ್ಲಿಯದೇ ರಾಷ್ಟ್ರೀಯ ವೈರಾಣು ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ಕೆಲವರ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು. ಕಲುಷಿತ ನೀರಿನ ಮೇಲೆ ಅನುಮಾನ ಬಿತ್ತು.

ನಮ್ಮ ಸೊಸೈಟಿ ಗ್ರೂಪುಗಳಲ್ಲಿ ‘ಟಿಡಿಎಸ್ ಎಷ್ಟು?’ ಅನ್ನೋ ಚರ್ಚೆ ಗಂಟೆಗಟ್ಟಲೆ ನಡೆಯುತ್ತೆ. ಟಿಡಿಎಸ್ ಮೀಟರ್ ಕರಗಿದ ಲವಣಗಳನ್ನು ಮಾತ್ರ ತೋರಿಸುತ್ತೆ. ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ. ಟ್ಯಾಂಕರ್ ನೀರು, ಬಾವಿ ನೀರು ಬರೋ ಕಡೆ ಟ್ಯಾಂಕ್ ತೊಳೆಸೋದು, ಕ್ಲೋರಿನ್ ಇದೆಯಾ ಅಂತ ನೋಡೋದು, ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸೋದು ಮುಖ್ಯ. ಅನುಮಾನ ಬಂದರೆ ಕಳಕಳ ಕುದಿಸಿ ಆರಿಸಿ ಕುಡೀರಿ. ಗಡಸು ನೀರಿನಿಂದಲೇ ಕಲ್ಲಾಗುತ್ತೆ ಅಂತ ಹೆದರಿ ಕಡಿಮೆ ಕುಡಿಯೋದು ಉಲ್ಟಾ ಕೆಲಸ. ಕಲ್ಲಿಗೆ ದಾರಿ ಮಾಡೋದು ಹೆಚ್ಚಾಗಿ ಆ ಕಡಿಮೆ ಕುಡಿಯೋದೇ.

ನಿಮ್ಮ ನಂಬರ್ ಹುಡುಕೋದು ಹೇಗೆ?

ಶುರು ಮಾಡೋಕೆ: ತೂಕದ ಪ್ರತಿ ಕಿಲೋಗೆ 30ರಿಂದ 35 ಮಿಲಿಲೀಟರ್. 60 ಕಿಲೋ ಇದ್ದರೆ ಸುಮಾರು 2 ಲೀಟರ್. ಚಹಾ, ಮಜ್ಜಿಗೆ ಇದರೊಳಗೇ.

ತಿದ್ದಿಕೊಳ್ಳೋಕೆ: ಮೂತ್ರದ ಬಣ್ಣ ನೋಡಿ. ತೆಳು ಹಳದಿ ಇದ್ದರೆ ಸರಿ. ಬೆಳಿಗ್ಗೆ ಮೊದಲ ಸಲ ಗಾಢ ಇರೋದು ಸಹಜ. ಮಧ್ಯಾಹ್ನ, ಸಂಜೆಯೂ ಗಾಢವಾಗಿದ್ದರೆ ಎರಡು ಲೋಟ ಹೆಚ್ಚಿಸಿ. ದಿನವಿಡೀ ನೀರಿನ ಹಾಗೆ ಬಿಳುಪಾಗಿದ್ದು ಗಂಟೆಗೊಮ್ಮೆ ಎದ್ದು ಹೋಗ್ತಿದ್ದರೆ ಕಡಿಮೆ ಮಾಡಿ. ಬಿ-ಕಾಂಪ್ಲೆಕ್ಸ್ ಮಾತ್ರೆ ತಗೊಳ್ಳೋರಿಗೆ ಬಣ್ಣ ಸುಳ್ಳು ಹೇಳುತ್ತೆ.

ವ್ಯಾಯಾಮ ಮಾಡೋರು ಒಂದು ದಿನ ಮೊದಲು ಮತ್ತು ಆಮೇಲೆ ತೂಕ ನೋಡಿಕೊಳ್ಳಿ. ಅರ್ಧ ಕಿಲೋ ಇಳಿದಿದ್ದರೆ ಅರ್ಧ ಲೀಟರ್ ಹೋಗಿದೆ ಅಂತ ಲೆಕ್ಕ.

ಭೇದಿ, ವಾಂತಿ ಆದಾಗ ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್.

ಒಂದು ವಾರ ಹೀಗೆ ನೋಡಿ. ನಿಮ್ಮ ನಂಬರ್ ಎಷ್ಟು ಬಂತು, ಊರು ಯಾವುದು, ಆಫೀಸ್ ಯಾವ ಕಡೆ ಅಂತ ಬರೆದು ತಿಳಿಸಿ. ಮುಂದಿನ ವಾರ ಟ್ಯಾಂಕರ್ ನೀರು ನಮ್ಮ ಸೊಸೈಟಿಗೆ ಬರೋ ದಾರಿಯ ಬಗ್ಗೆ ಮಾತಾಡೋಣ. ಅಲ್ಲಿವರೆಗೂ, ಆ ಪಕ್ಕದಲ್ಲಿರೋ ಬಾಟಲಿ ಕಡೆ ಒಂದು ಸಲ ನೋಡಿ.