ಯಂತ್ರದೊಳಗೊಂದು ಹಳೆಯ ಯಂತ್ರ

ಮುಂಬಯಿಯ ಗ್ರ್ಯಾಂಟ್ ರೋಡ್ ನಿಲ್ದಾಣದಲ್ಲಿಳಿದು ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಸಾಲುಗಳ ನಡುವೆ ಹಾದುಹೋಗುವವರಿಗೆ ಕಂಪ್ಯೂಟರ್ ಎಂಬುದು ಒಂದಾನೊಂದು ಕಾಲದಲ್ಲಿ ಮಧ್ಯಮವರ್ಗದ ಮನೆಗಳಿಗೆ ದುರ್ಲಭವಾಗಿದ್ದಿತೆಂಬುದು ಇಂದು ನಂಬಲಸದಳವಾಗಿ ತೋರೀತು. ಟಿವಿಯನ್ನೇ ಪರದೆಯಾಗಿಯೂ ಟೇಪ್‌ರೆಕಾರ್ಡರನ್ನೇ ಭಂಡಾರವಾಗಿಯೂ ಬಳಸಿಕೊಂಡು ಆ ದೌರ್ಲಭ್ಯವನ್ನು ತಗ್ಗಿಸಿದ ಯಂತ್ರಗಳಲ್ಲಿ, ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ 1982ರ ಏಪ್ರಿಲಿನಲ್ಲಿ 125 ಪೌಂಡುಗಳ ಆರಂಭಿಕ ಬೆಲೆಗೆ ಹೊರತಂದ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅಗ್ರಗಣ್ಯವಾದುದು. ಅದರ ಸುಧಾರಿತ ರೂಪವನ್ನು ಆ ದಶಕದ ಉತ್ತರಾರ್ಧದಲ್ಲಿ ನಮ್ಮ ನೆರೆಯ ಪುಣೆಯ ಡೆಸಿಬೆಲ್ಸ್ ಸಂಸ್ಥೆಯು ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಿಂದ ಮಾರಿತು.

ಆ ಯಂತ್ರವನ್ನು ಈಗ ಮೊಬೈಲಿನಲ್ಲಿಯೂ ನಡೆಸಬಹುದು. ಎಮ್ಯುಲೇಟರ್ ಎಂಬ ತಂತ್ರಾಂಶವು ಹಳೆಯ ಜೆಡ್80 ಪ್ರೊಸೆಸರಿಗೆ ಬರೆದ ಆಜ್ಞೆಗಳನ್ನು ಒಂದೊಂದಾಗಿ ಓದಿ, ಆ ಪ್ರೊಸೆಸರು ಏನು ಮಾಡುತ್ತಿದ್ದಿತೋ ಅದನ್ನೇ ಮಾಡುತ್ತದೆ. ಇದಕ್ಕೆ ಬೇಕಾದ 16 ಕೆಬಿ ರೋಮ್, ಅಂದರೆ ಯಂತ್ರದಲ್ಲಿಯೇ ಅಚ್ಚೊತ್ತಿದ್ದ ಶಾಶ್ವತ ಸ್ಮೃತಿಯ ಪ್ರತಿಯನ್ನು ಎಮ್ಯುಲೇಟರಿನೊಡನೆ ಹಂಚಲು, 1986ರಲ್ಲಿ ಸಿಂಕ್ಲೇರರ ಕಂಪ್ಯೂಟರುಗಳ ಹಕ್ಕನ್ನು ಕೊಂಡ ಆಮ್‌ಸ್ಟ್ರಾಡ್ ಕಂಪನಿಯು ಉದಾರವಾಗಿ ಅನುಮತಿಯಿತ್ತಿದೆ.

ಕಷ್ಟವಿರುವುದು ವೇಗದಲ್ಲಲ್ಲ, ವಿಳಂಬದಲ್ಲಿ. ಸೆಕೆಂಡಿಗೆ ಸುಮಾರು 50 ಬಾರಿ ಚಿತ್ರವನ್ನು ಬಿಡಿಸುತ್ತಿದ್ದ 48 ಕೆಬಿ ಸ್ಪೆಕ್ಟ್ರಮ್, ಒಂದೊಂದು ಚಿತ್ರಕ್ಕೂ 69,888 ಗಡಿಯಾರದ ಮಿಡಿತಗಳನ್ನು ವ್ಯಯಿಸುತ್ತಿದ್ದಿತು. ಇಂದಿನ ಫೋನು ಅಷ್ಟನ್ನು ಕ್ಷಣಾರ್ಧದಲ್ಲಿ ಮುಗಿಸಿ ಉಳಿದ ಕಾಲವೆಲ್ಲ ಕೈಕಟ್ಟಿ ಕುಳಿತಿರಬೇಕು, ಇಲ್ಲವಾದರೆ ಆಟದ ನಾಯಕನು ಕಣ್ಣಿಗೆ ಕಾಣಿಸುವ ಮೊದಲೇ ಸತ್ತಿರುತ್ತಾನೆ! ಮೂಲ ಯಂತ್ರದ ದೋಷಗಳನ್ನೂ ಹಾಗೆಯೇ ಉಳಿಸಿಕೊಳ್ಳಬೇಕು. ಸ್ಮೃತಿಯನ್ನು ಉಳಿಸಲೆಂದು, ಎಂಟು ಚುಕ್ಕೆ ಅಗಲ ಎಂಟು ಚುಕ್ಕೆ ಎತ್ತರದ ಚೌಕಕ್ಕೆ ಎರಡೇ ಬಣ್ಣಗಳನ್ನು ಕೊಟ್ಟಿದ್ದರಿಂದ, ಹಸಿರು ಮರದ ಬಳಿ ಸುಳಿದ ಕೆಂಪು ಬೊಂಬೆಗೆ ಅರ್ಧ ಮೈ ಹಸಿರಾಗುತ್ತಿದ್ದಿತು. ಈ ಕುಂದನ್ನು ತಿದ್ದಿ ಸುಂದರಗೊಳಿಸಿದ ಎಮ್ಯುಲೇಟರು ನನ್ನ ಮಟ್ಟಿಗೆ ಅಪ್ರಾಮಾಣಿಕವಾದುದು; ಆ ಕಾಲದ ಚಿತ್ರಕಾರರ ಚಾತುರ್ಯವೆಲ್ಲ ಈ ಕುಂದಿನೊಡನೆ ನಡೆಸಿದ ಸೆಣಸಾಟವಷ್ಟೆ. ಟೇಪಿನಿಂದ ಪ್ರೋಗ್ರಾಮು ಇಳಿಯುವಾಗ ಪರದೆಯ ಅಂಚಿನಲ್ಲಿ ಮೊದಲು ಕೆಂಪು-ತಿಳಿನೀಲಿ, ಬಳಿಕ ನೀಲಿ-ಹಳದಿ ಪಟ್ಟಿಗಳು ಓಡುವುದೂ ಕಿವಿಗೆ ಕರ್ಕಶವಾದ ಆ ಕಿರಿಚಾಟವೂ ಇರಲೇಬೇಕು.

ಯಂತ್ರವೇನೋ ಹೀಗೆ ಉಳಿಯಿತು. ಅದರಲ್ಲಿ ನಡೆಸಲು ನಮ್ಮವರೇ ಬರೆದ ಪ್ರೋಗ್ರಾಮುಗಳ ಗತಿ? ಮುಂಬಯಿಯ ಆರ್ದ್ರ ಹವೆಯಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಲು ಹೆಚ್ಚು ಮಳೆಗಾಲಗಳು ಬೇಡ. ಮಾಟುಂಗದಿಂದ ಡೊಂಬಿವಲಿಯವರೆಗೆ ಯಾರ ಮನೆಯ ಅಟ್ಟದಲ್ಲಾದರೂ ಅಂತಹ ಕ್ಯಾಸೆಟ್ಟಿದ್ದರೆ, ಟೇಪ್‌ರೆಕಾರ್ಡರಿನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ಧ್ವನಿ ಒಳಹರಿವಿಗೆ ಒಂದು ತಂತಿಯನ್ನು ಜೋಡಿಸಿ, ಆ ಕಿರಿಚಾಟವನ್ನು ಕಡತವಾಗಿ ಮುದ್ರಿಸಿಕೊಳ್ಳಿರಿ. ಎಮ್ಯುಲೇಟರಿಗೆ ಅಷ್ಟು ಸಾಕು.